ಭಾಗ್ಯಳ ಪ್ಯಾಕೆಟ್ಟು ಒಡೆಯಲಿಲ್ಲ

ಮಾಲೂರಿಗೆ ಬಂದ ಮೊದಲ ದಿನ ನಾನು ಮುದ್ದೆಯನ್ನು ಅಗಿದು ತಿಂದೆ. ಬಾಡಿಗೆ ಮನೆಯ ಒಡತಿ ರತ್ನಮ್ಮನವರು ನಕ್ಕರು. ನನ್ನ ಜೊತೆಯಲ್ಲೇ ಕೆಲಸಕ್ಕೆ ಸೇರಿ, ಪಕ್ಕದ ಕೋಣೆ ಹಿಡಿದಿದ್ದ ಭಾಗ್ಯಳೂ ನಕ್ಕಳು. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಬೇಕಂತೆ. ಹಾವೇರಿಯಲ್ಲಿ ರೊಟ್ಟಿ ತಿಂದು ಬೆಳೆದ ನನ್ನ ಹಲ್ಲುಗಳಿಗೆ ಇಲ್ಲಿ ಕೆಲಸವೇ ಇರಲಿಲ್ಲ.

ನಾವು ಸೇರಿದ್ದು ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ತಯಾರಿಸುವ ಕಾರ್ಖಾನೆಗೆ. ತುಂಬಿದ ಪ್ಯಾಕೆಟ್ಟನ್ನು ಕಂಪ್ಯೂಟರಿನೊಳಗೇ, ಬರೀ ಲೆಕ್ಕದಲ್ಲಿ ಬೀಳಿಸಿ, ಒಡೆಯುತ್ತದೋ ಇಲ್ಲವೋ ನೋಡುವುದು ನಮ್ಮಿಬ್ಬರ ಕೆಲಸ. ಹಾಲು ಕವರನ್ನು ತಳ್ಳುತ್ತದೆ, ಕವರು ಉಬ್ಬಿ ಹಾಲನ್ನು ಮರಳಿ ತಳ್ಳುತ್ತದೆ. ಎರಡರ ಲೆಕ್ಕವೂ ಹೊಂದಬೇಕು. ಆರು ತಿಂಗಳಾದ ಮೇಲೆ ಒಬ್ಬರನ್ನೇ ಖಾಯಂ ಮಾಡುವುದು, ಇನ್ನೊಬ್ಬರು ಊರಿಗೆ ಹೋಗಬಹುದು ಎಂದು ಮ್ಯಾನೇಜರು ಮೊದಲೇ ಹೇಳಿದ್ದರು.

ಭಾಗ್ಯಳ ಪ್ಯಾಕೆಟ್ಟು ಬಿದ್ದು, ಹೊಟ್ಟೆ ಉಬ್ಬಿಸಿ, ಒಮ್ಮೆ ನಡುಗಿ ಸುಮ್ಮನಾಗುತ್ತಿತ್ತು. ನನ್ನದು ನೆಲ ಮುಟ್ಟಿದೊಡನೆ ಚಿಂದಿ. ನಿಜವಾದ ಪ್ಯಾಕೆಟ್ಟು ಅಷ್ಟಕ್ಕೆಲ್ಲ ಒಡೆಯುವುದಿಲ್ಲ. ಕೆಟ್ಟದ್ದು ನನ್ನ ಲೆಕ್ಕವೇ.

ಅವಳು ಆಂಧ್ರದ ಗಡಿಯ ಬೈರಕೂರಿನವಳು, ಕನ್ನಡದಷ್ಟೇ ಸಲೀಸಾಗಿ ತೆಲುಗು ಆಡುತ್ತಾಳೆ. ಅವಳೂ ಮ್ಯಾನೇಜರೂ ತೆಲುಗಿನಲ್ಲಿ ನಗುತ್ತಿದ್ದರೆ ನನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಅನಿಸುತ್ತಿತ್ತು. ಭಾಷೆ ಕಿವಿಗೆ ಬಿದ್ದಂತೆಲ್ಲ ತಿಳಿಯಿತು, ಅದು ಟೊಮೆಟೊ ರೇಟಿನ ಮಾತು. ಅದಕ್ಕೂ ಹೊಟ್ಟೆ ಉರಿಯಿತು. ನನ್ನ ಹತ್ತಿರ ಅವರು ಯಾವತ್ತೂ ಟೊಮೆಟೊ ಮಾತಾಡಿರಲಿಲ್ಲ. ಮನೆಯಲ್ಲೂ ಅಷ್ಟೇ. ಬೇಯಿಸಿದ ಸೊಪ್ಪು, ಕಾಳಿನ ನೀರು ಬಸಿದು ಮಾಡುವ ಬಸ್ಸಾರನ್ನು ರತ್ನಮ್ಮನವರು ಅವಳಿಗೆ ಬಡಿಸುವಾಗ ‘ಇಂಕೊಂಚೆಂ’, ಅಂದರೆ ಇನ್ನೂ ಸ್ವಲ್ಪ, ಎನ್ನುವರು. ನನ್ನನ್ನು ಕೇಳುವುದು ‘ಸಾಕಾ?’ ಎಂದು.

ನನ್ನ ಲೆಕ್ಕ ಎಲ್ಲಿ ಕೆಡುತ್ತಿದೆ ಎಂದು ಭಾಗ್ಯಳನ್ನು ಕೇಳಿದ್ದರೆ ಕೆಲಸ ಒಂದು ದಿನದಲ್ಲಿ ಮುಗಿಯುತ್ತಿತ್ತು. ನಾನು ಕೇಳಲಿಲ್ಲ. ಒಂದು ಮಧ್ಯಾಹ್ನ ಅವಳೇ ಬಂದು ನನ್ನ ಪರದೆ ನೋಡಿದಳು.

“ಅಕ್ಕ, ಹಾಲು ತಳ್ಳಿದ್ಮೇಲೆ ಕವರ್ ಏನಾಯ್ತು ಅಂತ ನೋಡ್ದೇನೇ ಮುಂದಕ್ಕೆ ಹೋಗ್ತಿದೀರ. ಕವರ್ ಹಗುರ, ಹಾಲು ಭಾರ. ಅದೇ ಗಳಿಗೇಲಿ ಎರಡನ್ನೂ ತಿರ್ಗಾ ತಿರ್ಗಾ ಲೆಕ್ಕ ಹಾಕ್ಸಿ. ಎರಡೂ ಒಪ್ಪೋವರ್ಗೂ ಬಿಡಬೇಡಿ.”

ಹಾಗೇ ಮಾಡಿದೆ. ನನ್ನ ಪ್ಯಾಕೆಟ್ಟೂ ಬಿದ್ದು, ಉಬ್ಬಿ, ಸುಮ್ಮನಾಯಿತು. ಥ್ಯಾಂಕ್ಸ್ ಎನ್ನಲು ಬಾಯಿ ಬರಲಿಲ್ಲ. ಒಬ್ಬಳಿಗೇ ಕೆಲಸ ಎಂದು ಗೊತ್ತಿದ್ದೂ ಹೇಳಿಕೊಟ್ಟಳಲ್ಲ, ಅವಳ ಆ ಒಳ್ಳೆಯತನದ ಮೇಲೂ ನನಗೆ ಹೊಟ್ಟೆಕಿಚ್ಚು.

ಕೊನೆಗೆ ಕೆಲಸ ಹೆಚ್ಚಿದೆಯೆಂದು ಇಬ್ಬರನ್ನೂ ಖಾಯಂ ಮಾಡಿದರು. ಕುಣಿದಾಡಬೇಕಿತ್ತು. ನಾನೊಬ್ಬಳೇ ಗೆಲ್ಲಬೇಕಿತ್ತು ಎಂದು ಮುಖ ಸಣ್ಣದು ಮಾಡಿಕೊಂಡು ಕೂತೆ. ಸಂಜೆ ಭಾಗ್ಯ ಕೈಹಿಡಿದು ಎಳೆದುಕೊಂಡು ಹೋಗಿ ರತ್ನಮ್ಮನವರ ಮುಂದೆ ನಿಲ್ಲಿಸಿದಳು. ಅವರು ನನ್ನ ತಲೆ ಸವರಿದರು.

ದೀಪಾವಳಿಗೆ ಊರಿಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಎದುರಿಗೆ ಕೂತು ಖಾಯಂ ಆದ ಸುದ್ದಿ ಹೇಳಿದೆ. ಆಮೇಲೆ ಬರೀ ಭಾಗ್ಯ, ಬರೀ ರತ್ನಮ್ಮ, ಬರೀ ಮಾಲೂರು. ಆ ಅಮ್ಮ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳಾ ಎಂದು ಅವ್ವ ಕೇಳಿದಳು. ಮಗಳ ಹಾಗೆ ನೋಡಿಕೊಳ್ಳುತ್ತಾರೆ ಎಂದೆ, ಬೇರೆ ಯೋಚಿಸದೆ. ಅವ್ವನ ಕೈ ನಿಂತಿತು. ನನಗೆ ಚೆನ್ನಾಗಿ ಗೊತ್ತಿದ್ದ ಉರಿಯೊಂದು ಅವಳ ದನಿಯಲ್ಲಿತ್ತು.

“ಅವರು ನಿನ್ನ ಅಲ್ಲೇ ಇಟ್ಗೊಂಡ್ರು ಬಿಡವಾ. ನಾನೂ ನಿನ್ನ ಇಲ್ಲೇ ಇಟ್ಗೋಬೇಕು ಅಂತ ಮಾಡಿದ್ದೆ.”