ಉತ್ತರಕ್ಕೆ ಕಾಯದ ಪ್ರಶ್ನೆ

ಸಿಂಚನಾ, ಪ್ರಜ್ವಲ್, ಕೇಳಿ ಮಕ್ಕಳೇ. ನಮ್ಮ ಟೀಚರ್ ಕನ್ನಡಕದ ಒಂದು ಕಾಲು ಮುರಿದಿತ್ತು. ಅದನ್ನು ಮೀನುಬಲೆಯ ನೀಲಿ ದಾರದಿಂದ ಬಿಗಿದುಕೊಂಡಿದ್ದರು. ತಲೆ ಬಗ್ಗಿಸಿದರೆ ದಾರದ ತುದಿ ಕೆನ್ನೆಗೆ ತಾಗುತ್ತಿತ್ತು; ಮಾತಾಡುತ್ತಲೇ ಅದನ್ನು ಸರಿಸುತ್ತಿದ್ದರು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿ, ನಿವೃತ್ತರಾಗಿ ಕೋಟೇಶ್ವರದಲ್ಲಿದ್ದರು.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ನಾಲ್ಕು ಜನರ ಎದುರಿಗೆ ಬರುವುದನ್ನೇ ಬಿಟ್ಟಿದ್ದೆ. ನಮ್ಮೂರು ಬೀಜಾಡಿಯ ತೀರಕ್ಕೆ ದಿನವೂ ಯಾವ ಮೀನು ಎಷ್ಟು ಬರುತ್ತದೆ ಎಂದು ಬರೆದಿಡುವ ಕೆಲಸಕ್ಕೆ ಟೀಚರ್ ನನ್ನನ್ನು ಕರೆದರು. ನಾನು ಓದಿದ್ದು ಊರಿನ ಶಾಲೆಯಲ್ಲಿ ಏಳನೆಯವರೆಗೆ ಮಾತ್ರ ಎಂದೆ.

"ಮೀನಿನ ಹೆಸ್ರ್ ಗೊತ್ತಿತ್, ಅಂಕಿ ಬರಿಯುಕ್ ಬತ್ತ್. ಇನ್ನೆಂತ ಬೇಕ್ ಮಾರಾಯ್ತಿ?" ಎಂದರು.

ಮೊದಲು ಪುಸ್ತಕದಲ್ಲಿ ಬರೆಯುತ್ತಿದ್ದೆ. ಆಮೇಲೆ ಟೀಚರ್ ಒಂದು ಹಳೆಯ ಲ್ಯಾಪ್‌ಟಾಪ್ ತಂದು ತೀರದ ಶೆಡ್ಡಿನಲ್ಲಿಟ್ಟರು. ಅಂಕಿಅಂಶದ ಲೆಕ್ಕಕ್ಕೆಂದೇ ಇರುವ ಭಾಷೆಯಲ್ಲಿ ಅವರೇ ಪ್ರೋಗ್ರಾಂ ಬರೆದಿದ್ದರು. ಪರದೆಯ ಮೇಲೆ ‘ಬಂಗುಡೆ ಎಷ್ಟು ಬುಟ್ಟಿ?’ ಎಂದು ಬರುತ್ತದೆ, ನಾನು ಅಂಕಿ ಒತ್ತಿ ಎಂಟರ್ ಒತ್ತಬೇಕು, ಆಗ ‘ಬೂತಾಯಿ ಎಷ್ಟು?’ ಎಂದು ಬರುತ್ತದೆ. ಹಾಗೆಂದು ಹೇಳಿಕೊಟ್ಟು ಹೋದರು.

ಮಾರನೆಯ ದಿನ ಪರದೆಯ ಮೇಲಿನ ಪುಟ್ಟ ಚಿತ್ರ ಒತ್ತಿ ಪ್ರೋಗ್ರಾಂ ಶುರುಮಾಡಿದೆ. ನನ್ನ ಬೆರಳು ಏಳುವುದರೊಳಗೆ ಬಂಗುಡೆ, ಬೂತಾಯಿ, ಅಂಜಲ್ ಎಲ್ಲ ಕೇಳಿ ಮುಗಿಸಿ ಪರದೆ ಸುಮ್ಮನಾಯಿತು. ಮತ್ತೆ ಒತ್ತಿದೆ, ಮತ್ತೆ ಓಡಿತು. ಬುಟ್ಟಿ ಹೊತ್ತು ನಿಂತಿದ್ದ ನೆರೆಮನೆಯವಳು ನಕ್ಕಳು. "ಹ್ವಾಯ್, ಅದ್ರ್ ಒಟ್ಟಿಗ್ ಓಡುಕ್ ನಿನ್ ಕೈಯಂಗ್ ಆಪ್ದಲ್ಲ. ಬಾ, ಮೀನ್ ಕೊಯ್ಯುಕೆ."

ನಾನೇ ನಿಧಾನ ಎಂದುಕೊಂಡೆ. ಮನೆಗೆ ಬಂದು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಮಸಿಯಿಂದ ಕೀಲಿಮಣೆ ಬರೆದುಕೊಂಡು, ಅನ್ನ ಬೇಯುವ ಹೊತ್ತಿನಲ್ಲಿ ಅದನ್ನೇ ಕುಟ್ಟಿದೆ. ಎರಡು ದಿನ ಬೆರಳು ನೋಯುವಷ್ಟು ಕುಟ್ಟಿದರೂ ಶೆಡ್ಡಿನಲ್ಲಿ ಒಂದು ಅಂಕಿಯೂ ಒಳಗೆ ಹೋಗಲಿಲ್ಲ. ಈ ಲೆಕ್ಕ ಬರೆಸುತ್ತಿದ್ದ ಕಚೇರಿಯ ಮೇಲಿನವರು ಕೆಲಸ ನೋಡಲು ಬಂದು, ಖಾಲಿ ಪಟ್ಟಿ ಕಂಡು, "ಓದಿದವರನ್ನು ಹಾಕಬೇಕಿತ್ತು" ಎಂದರು. ಮರುದಿನದಿಂದ ನಾನು ಹೋಗಲಿಲ್ಲ.

ಮೂರನೆಯ ದಿನ ಟೀಚರ್ ಬಸ್ಸಿಳಿದು ಮನೆಗೇ ಬಂದರು, ಬಗಲಲ್ಲಿ ಶೆಡ್ಡಿನ ಲ್ಯಾಪ್‌ಟಾಪ್. ಜಗಲಿಯಲ್ಲಿ ಬಿದ್ದಿದ್ದ ಕ್ಯಾಲೆಂಡರ್ ಕಣ್ಣಿಗೆ ಬಿತ್ತು.

"ಇದೆಂತ?"

"ಬೇಗ ಒತ್ತುಕೆ ಕಲೀತಾ ಇದ್ದೆ ಟೀಚರ್. ಆತಿಲ್ಲೆ."

ಅವರು ಲ್ಯಾಪ್‌ಟಾಪ್ ತೆರೆದು ನನ್ನ ಮುಂದಿಟ್ಟರು. "ಒಂದ್ಸಲ ನನ್ನೆದ್ರಿಗ್ ಒತ್ತಿ, ಕಾಂಬ."

ಒತ್ತಿದೆ. ಓಡಿತು. ಅವರು ತಾವೇ ಒತ್ತಿದರು. ಆಗಲೂ ಓಡಿತು. "ಅಯ್ಯೋ, ನಂಗೂ ಕಾಯ್ಲಿಲ್ಲೆ ಕಾಣಿ" ಎಂದು ತಲೆಗೆ ಕೈ ಇಟ್ಟುಕೊಂಡರು. ತಮ್ಮ ಮನೆಯಲ್ಲಿ ಒಂದೊಂದೇ ಸಾಲು ಬರೆದು ನೋಡಿದಾಗ ಅದು ಕಾಯುತ್ತಿತ್ತಂತೆ. ಇಡೀ ಪ್ರೋಗ್ರಾಮನ್ನು ಒಮ್ಮೆಗೇ ಓಡಿಸಿದಾಗ, ಎದುರಿಗೆ ಯಾರೂ ಕುಳಿತಿಲ್ಲ ಎಂದೇ ತಿಳಿದು, ಖಾಲಿ ಉತ್ತರ ತೆಗೆದುಕೊಂಡು ಮುಂದೆ ಹೋಗುತ್ತದಂತೆ. ಪ್ರಶ್ನೆ ಕೇಳುವ ಸಾಲುಗಳನ್ನು ಅಳಿಸಿ, ಕೀಲಿಮಣೆಯಿಂದ ಒಂದು ಸಾಲು ಬರುವ ತನಕ ನಿಲ್ಲು ಎಂದು ಹೇಳುವ ಬೇರೆ ಸಾಲು ಬರೆದರು.

"ಈಗ ಒಳ್ಗ್ ಹೋಯಿ ಚಾ ಮಾಡ್ಕಂಡ್ ಬನ್ನಿ. ಅಲ್ಲೀವರಿಗೂ ಕಾಯತ್ತಾ ಕಾಂಬ."

ನಾನು ಒಲೆ ಹೊತ್ತಿಸಿ, ನೀರು ಕಾಯಿಸಿ, ಎರಡು ಲೋಟ ಹಿಡಿದು ಬಂದೆ. ‘ಬಂಗುಡೆ ಎಷ್ಟು ಬುಟ್ಟಿ?’ ಹಾಗೆಯೇ ನಿಂತಿತ್ತು. ಲೋಟ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿ, ನಿಧಾನಕ್ಕೆ ಹನ್ನೆರಡು ಎಂದು ಒತ್ತಿ ಎಂಟರ್ ಒತ್ತಿದೆ. ‘ಬೂತಾಯಿ ಎಷ್ಟು?’ ಎಂದು ಬಂತು.

ಮರುದಿನ ಶೆಡ್ಡಿನಲ್ಲಿ, ಮೇಲಿನವರೂ ನೆರೆಮನೆಯವಳೂ ಕೇಳುವಂತೆ ಟೀಚರ್ ಹೇಳಿದರು: "ತಪ್ಪ್ ನಂದ್. ಇವ್ರ್ ಬೆರಳಿನದ್ದಲ್ಲ." ಅಷ್ಟು ಓದಿದವರು ನನ್ನಂಥವಳಿಗಾಗಿ ಜನರೆದುರು ಹಾಗೆ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆರು ವರ್ಷ ಆ ಕೆಲಸ ಮಾಡಿದೆ. ಅಂಗಡಿ, ಬ್ಯಾಂಕು, ನಿಮ್ಮ ಶಾಲೆಯ ಸಭೆ, ಎಲ್ಲಿಯೂ ಮತ್ತೆ ಹಿಂದೆ ಸರಿದು ನಿಲ್ಲಲಿಲ್ಲ.

ಟೀಚರ್ ಹೋದ ವರ್ಷ ತೀರಿಕೊಂಡರು. ಅವರಿಗೆ ಬಾಯಿಬಿಟ್ಟು ಉಪಕಾರವಾಯಿತು ಎಂಬ ಒಂದು ಮಾತೂ ಹೇಳಿರಲಿಲ್ಲ, ಅದಕ್ಕೇ ಇಲ್ಲಿ ಬರೆದೆ. ಮಕ್ಕಳೇ, ಈ ಹಾಳೆಗಳನ್ನು ಗೆದ್ದಲಿಗೆ ಬಿಡಬೇಡಿ.