ಸಲಾಕೆ ಮಾವ ಪಾಠ ಹೇಳಿದ ಯಂತ್ರ

ನಮ್ಮ ಸೋದರಮಾವನನ್ನು ಊರೆಲ್ಲ ಸಲಾಕೆ ಮಾವ ಎಂದೇ ಕರೆಯುತ್ತದೆ. ಯುದ್ಧ ಮುಗಿದ ಮೇಲೆ ಹೊಲಗಳಲ್ಲಿ ಉಳಿದ ನೆಲಬಾಂಬುಗಳನ್ನು ಇಪ್ಪತ್ತೆರಡು ವರ್ಷ ಮಂಡಿಯೂರಿ, ತೆಳು ಸಲಾಕೆಯಿಂದ ಮಣ್ಣು ಚುಚ್ಚಿ ಹುಡುಕಿದವನು. “ಮೇಜಿನ ಮೇಲಿರೋ ಕನ್ನಡಕ ಕಣ್ಣಿಗೆ ಬೀಳಲ್ಲ, ಮಣ್ಣೊಳಗಿನ ಬಾಂಬ್ ಹುಡುಕ್ತಾರಂತೆ!” ಎಂದು ಗೊಣಗುತ್ತಲೇ ಅತ್ತೆ ಅವನ ಪ್ಯಾಂಟಿನ ಮಂಡಿಗೆ ತೇಪೆ ಹಾಕುತ್ತಾಳೆ.

ಹೋದ ವರ್ಷ ಮಾವನ ಕಚೇರಿಗೆ ರಾಡಾರ್ ಗಾಡಿ ಬಂತು. ನೆಲದೊಳಗೆ ಅಲೆ ಕಳಿಸಿ, ಮರಳಿ ಬಂದದ್ದನ್ನು ನೋಡಿ ನೋಡಿ ಬಾಂಬಿನ ಗುರುತನ್ನು ತಾನೇ ಕಲಿಯುವ ಯಂತ್ರ. ಅದರ ಪಾಠಕ್ಕೆಂದು ಮಾವ ಕಚೇರಿಯ ಹಿಂದಿನ ಬಯಲಲ್ಲಿ ಮುನ್ನೂರು ಗುಂಡಿ ತೋಡಿ ಹುಸಿ ಬಾಂಬು ಹೂತ. ಯಂತ್ರ ಒಂದನ್ನೂ ಬಿಡದೆ ಹಿಡಿಯಿತು. ಕಚೇರಿಯ ಸಾಹೇಬರು ಹಿಗ್ಗಿನಿಂದ ನೆಲದ ಮೇಲೆ ನಿಲ್ಲಲಿಲ್ಲ.

“ಸಾರ್, ಅದು ಹಿಡೀತಿರೋದು ಬಾಂಬನ್ನಲ್ಲ, ನಾನು ಹೊಸದಾಗಿ ಅಗೆದ ಮಣ್ಣನ್ನ. ಬಾಂಬ್ ಇಡದೇ ನಾಲ್ಕು ಗುಂಡಿ ತೋಡಿ ಮುಚ್ಚಿ ನೋಡೋಣ,” ಎಂದ ಮಾವ.

“ಯಂತ್ರಕ್ಕೇ ಬುದ್ಧಿ ಹೇಳ್ತೀರಾ?” ಎಂದರು ಸಾಹೇಬರು. ಇವರ ಜಾಣತನಕ್ಕಿಷ್ಟು ಬೆಂಕಿ ಹಾಕ!

ಮೊನ್ನೆ, ಬಾಂಬಿನ ಭಯಕ್ಕೆ ಮೂವತ್ತು ವರ್ಷದಿಂದ ಯಾರೂ ಕಾಲಿಡದ ಹೊಲದಲ್ಲಿ ದೂರದಿಂದಲೇ ಗಾಡಿ ಓಡಿಸಿದರು. ಅಂಚಿನಲ್ಲಿ ಗುರುತಿನ ಕಂಬ ನೆಡಲು ಮಾವ ಬೆಳಿಗ್ಗೆ ತೋಡಿದ್ದ ನಾಲ್ಕು ಗುಂಡಿಗಳ ಬಳಿ ಅದು ಬಾಯಿ ಬಡಿದುಕೊಂಡಿತು. ಹೊಲದೊಳಗೆ ಮಾತ್ರ ತೆಪ್ಪಗಿತ್ತು.

“ಅಂಚಲ್ಲಿ ನಾಲ್ಕು ಬಾಂಬ್, ಒಳಗೆ ಒಂದೂ ಇಲ್ಲ,” ಎಂದು ಸಾಹೇಬರು ಘೋಷಿಸಿದರು.

ಮಾವ ಪಕ್ಕಕ್ಕೆ ಸರಿದು ಹೊಲದ ಕಡೆ ಕೈ ತೋರಿಸಿದ. “ಹಾಗಾದ್ರೆ ನೀವು ಮುಂದೆ ನಡೀರಿ ಸಾರ್, ನಾನು ಹಿಂದೇನೇ ಬರ್ತೀನಿ.”

ಸಾಹೇಬರು ಒಂದು ಹೆಜ್ಜೆ ಎತ್ತಿದರು, ಎತ್ತಿದಲ್ಲೇ ಇಳಿಸಿದರು.

“ಸಲಾಕೆ ತಂದಿದ್ದೀರಾ?”