ದೊಡ್ಡ ಪದ ಬಿಟ್ಟು ಹೇಳು

ನಮ್ಮ ಚಿಕ್ಕಪ್ಪನ ಮಗಳಿಗೆ ಮನೆಯಲ್ಲಿ ಇಟ್ಟ ಹೆಸರು ಪಿಸುಪಿಸು. ಹುಟ್ಟಿದಾಗಿನಿಂದ ಅವಳ ದನಿ ಪಕ್ಕದ ಕೋಣೆಗೆ ಕೇಳಿಸಿದ್ದಿಲ್ಲ. ವಿಜ್ಞಾನದಲ್ಲಿ ಸ್ನಾತಕೋತ್ತರ ಓದಲು ಬಂದವಳು ನಮ್ಮ ಮನೆಯಲ್ಲೇ ಉಳಿದುಕೊಂಡಳು. ಬೆಳಗಾದರೆ ಪ್ರಯೋಗಾಲಯ, ಸಂಜೆಯಾದರೆ ಮುಂದಿನ ಕೋಣೆಯಲ್ಲಿ ಅಮ್ಮನ ಹೊಲಿಗೆ ಯಂತ್ರದ ಪಕ್ಕ ಕೂತು ಓದು. ಕೇಳಿದ್ದಕ್ಕೆ ಉತ್ತರ, ಕೇಳದಿದ್ದರೆ ಅದೂ ಇಲ್ಲ. ಇಂಥವಳನ್ನು ಹಿಡಿದು ಮಾತು ಕಲಿಸುತ್ತೇವೆಂದು ಹೊರಟಿತು ಅವಳ ವಿಭಾಗ.

ಅದಕ್ಕೆಂದೇ ಒಂದು ಪಾಠವಿತ್ತಂತೆ. ಬೇಕಾದ ಲೇಖನಗಳನ್ನು ಹುಡುಕುವುದು, ಓದಿದ್ದನ್ನು ಅಚ್ಚುಕಟ್ಟಾಗಿ ಬರೆಯುವುದು, ಮಾಡಿದ ಸಂಶೋಧನೆಯನ್ನು ನಾಲ್ಕು ಜನರೆದುರು ಹೇಳುವುದು. ಮೊದಲೆರಡನ್ನು ನೀರು ಕುಡಿದಷ್ಟು ಸುಲಭವಾಗಿ ಮುಗಿಸಿದಳು. ಮೂರನೆಯದು ಕಬ್ಬಿಣದ ಕಡಲೆಯಾಯಿತು. ವರ್ಷದ ಕೊನೆಗೆ ವಿಜ್ಞಾನ ಓದದ ಜನರನ್ನು ಕರೆದು ಕೂರಿಸುತ್ತಾರೆ, ಅವರೆದುರು ಐದು ನಿಮಿಷ ಮಾತಾಡಬೇಕು, ಅದರಲ್ಲಿ ಫೇಲಾದರೆ ಪದವಿಯೇ ಇಲ್ಲ. ಅವಳ ಅಭ್ಯಾಸ ನೋಡಿ ಗೈಡ್ ಮೇಡಂ ತಲೆಯ ಮೇಲೆ ಕೈ ಹೊತ್ತು ಕೂತರಂತೆ. "ಮನೇಲಿ ಓದದವರು ಯಾರಾದ್ರೂ ಇದ್ರೆ ಅವರಿಗೆ ಹೇಳಿ ನೋಡು. ಅವರು ತಮ್ಮ ಮಾತಲ್ಲಿ ಅದನ್ನ ವಾಪಸ್ ಹೇಳಿದ್ರೆ ನೀನು ಪಾಸು," ಅಂದರಂತೆ.

ಮನೆಯಲ್ಲಿ ಓದದವಳು ಅಮ್ಮ ಒಬ್ಬಳೇ. ಸಂಕಟ ಇದ್ದದ್ದು ಅಲ್ಲೇ. ತಂಗಿಯ ಸಂಶೋಧನೆ ಕಣ್ಣಿನ ಒಳಪದರದ ಕೋಶಗಳ ಬಗ್ಗೆ, ವಯಸ್ಸಾದಂತೆ ಅವು ಯಾಕೆ ಸಾಯುತ್ತವೆ ಎಂಬುದರ ಬಗ್ಗೆ. ಅವಳು ಆ ಕೆಲಸ ಹಿಡಿದು ಎಷ್ಟೋ ತಿಂಗಳಾದ ಮೇಲೆ ಅಮ್ಮನಿಗೂ ಅದೇ ಕಾಯಿಲೆ ಎಂದು ಗೊತ್ತಾಯಿತು. ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು ಹೇಳಿದರು. ನಾನು ಹೊರಗೆ ಬಂದು, "ಪೊರೆ ಬರ್ತಿದೆಯಂತಮ್ಮ, ಹನಿ ಹಾಕ್ತಿದ್ರೆ ಕರಗುತ್ತಂತೆ," ಎಂದೆ. ಕಣ್ಣು ಒಣಗದಿರಲೆಂದು ಕೊಟ್ಟ ಹನಿ ಅದು. ಅಮ್ಮ ನಂಬಿದಳು. ಹೊಲಿಗೆ ಹೋದರೆ ಅವಳಿಗೆ ಬದುಕೇ ಹೋದಂತೆ, ಅದನ್ನು ಅವಳ ಮುಖ ನೋಡಿ ಹೇಳುವ ಎದೆಗಾರಿಕೆ ಯಾರಿಗಿದೆಯೋ ಅವರು ಬಂದು ಹೇಳಲಿ. ನಾನು ಮಾಡಿದ್ದು ತಪ್ಪೆಂದು ಇವತ್ತಿಗೂ ಅನ್ನಿಸುವುದಿಲ್ಲ. ತಂಗಿಗೂ ಬಾಯಿ ಬಿಡಬೇಡ ಎಂದು ತಾಕೀತು ಮಾಡಿದೆ. ಪಿಸುಪಿಸುವಿಗೆ ಆ ಮಾತು ಹೇಳಬೇಕಾಗಿ ಬಂದ ಮೊದಲ ಮನುಷ್ಯ ನಾನೇ ಇರಬೇಕು.

ಗೆಳತಿಯರ ಹತ್ತಿರ ಅಭ್ಯಾಸ ಮಾಡುತ್ತೇನೆಂದು ಅವಳು ಜಾರಿಕೊಳ್ಳಲು ನೋಡಿದಳು. ಅಮ್ಮ ಬಿಡಬೇಕಲ್ಲ. "ನಾನಿಲ್ವೇನೇ ಓದದವಳು? ಹೇಳು, ಕೈ ಕೆಲಸ ಮಾಡ್ತಿರುತ್ತೆ, ಕಿವಿ ಖಾಲಿ ಇದೆ," ಎಂದಳು.

ಮೊದಲ ದಿನ ತಂಗಿ ಕಣ್ಣೆಂಬ ಮಾತನ್ನೇ ಎತ್ತಲಿಲ್ಲ. ವರ್ಣದ್ರವ್ಯ, ಉತ್ಕರ್ಷಣ, ಅವನತಿ ಎಂದು ಉರು ಹೊಡೆದದ್ದನ್ನೆಲ್ಲ ಒದರಿದಳು. ಬಾಗಿಲಲ್ಲಿ ನಿಂತಿದ್ದ ನನಗೆ ತಲೆಬುಡ ತಿಳಿಯಲಿಲ್ಲ, ಅದರಿಂದಲೇ ಜೀವ ಹಗುರಾಯಿತು. ಅಮ್ಮ ದಾರ ಕಚ್ಚಿ ತುಂಡರಿಸಿ, "ದೊಡ್ಡ ಪದ ಬಿಟ್ಟು ಹೇಳು," ಎಂದಳು.

ದಿನಾ ಸಂಜೆ ಇದೇ ನಡೆಯಿತು. ಅವಳು ಅಡಗಿಕೊಳ್ಳಲು ಇದ್ದ ಪದಗಳನ್ನೆಲ್ಲ ಅಮ್ಮ ಒಂದೊಂದಾಗಿ ಬಿಡಿಸಿದಳು. ಅಚ್ಚರಿಯೆಂದರೆ ತಂಗಿಯ ದನಿ ಏರತೊಡಗಿತು, ಮಾತಿನ ರುಚಿ ಹತ್ತಿತು. ನಾನು ಅಡುಗೆಮನೆಗೆ ಕರೆದು ಸಾಕು ನಿಲ್ಲಿಸು ಎಂದೆ. "ನಿಲ್ಸಿದ್ರೆ ಯಾಕೆ ಅಂತ ಕೇಳ್ತಾರಲ್ಲ ಅಣ್ಣ. ಫೇಲಾದ್ರೆ ಏನ್ಮಾಡ್ಲಿ?" ಎಂದಳು.

ಕಾರ್ಯಕ್ರಮದ ಹಿಂದಿನ ಸಂಜೆ. "ಬೆಳಕು ಬಿದ್ರೆ ಕೆಲಸ ಮಾಡೋ ಕೋಶಗಳಿವೆ ದೊಡ್ಡಮ್ಮ. ಅವು ದಿನಾ ಕಸ ಉದುರಿಸ್ತವೆ. ಅದನ್ನ ಎತ್ತಿ ಹಾಕೋಕೆ ಹಿಂದೆ ಇನ್ನೊಂದು ಪದರ ಇದೆ. ವಯಸ್ಸಾಗ್ತಾ ಅದು ಸೋತುಹೋಗುತ್ತೆ."

"ಯಂತ್ರದ ಕೆಳಗಿನ ಚಿಂದಿ ಗುಡಿಸ್ದೆ ಬಿಟ್ರೆ ಪೆಡಲ್‌ಗೆ ಸಿಕ್ಕಿಹಾಕ್ಕೊಳ್ಳುತ್ತಲ್ಲ, ಹಾಗೆ."

"ಹೂಂ, ಹಾಗೇ."

"ಗುಡಿಸಿದ್ರೆ ಸರಿಹೋಗಲ್ವಾ?"

"ಅಷ್ಟೊತ್ತಿಗೆ ಕೋಶ ಸತ್ತಿರುತ್ತೆ. ಸತ್ತಿದ್ದು ಮತ್ತೆ ಹುಟ್ಟಲ್ಲ."

ಯಂತ್ರ ನಿಂತಿತು. ಅಮ್ಮ ಮೊದಲಿನಿಂದ ಕೊನೆಯವರೆಗೆ ಪಾಠ ಒಪ್ಪಿಸಿದಳು. ಬೆಳಕು, ಕಸ, ಪದರ, ಸಾವು, ಒಂದೂ ತಪ್ಪಲಿಲ್ಲ. ಆಮೇಲೆ ಕೇಳಿದಳು, "ಬೆಳಕು ಬೀಳೋದು ಕಣ್ಣಿಗೆ ತಾನೆ? ಮೊದಲು ನಡುಮಧ್ಯೆ ಹಾಳಾಗುತ್ತೆ ಅಲ್ವಾ? ನೇರ ನೋಡಿದ್ರೆ ಹೊಲಿಗೆ ಕಾಣಲ್ಲ, ಪಕ್ಕದ್ದೆಲ್ಲ ಕಾಣುತ್ತೆ."

ತಂಗಿ ನನ್ನತ್ತ ನೋಡಿದಳು. ಯಾವಾಗಲೂ ಬಡಬಡಿಸುವ ಈ ಬಾಯಿಗೆ ಒಂದು ಸುಳ್ಳೂ ಒದಗಿ ಬರಲಿಲ್ಲ. ಕೊನೆಗೆ ಅವಳೇ ಹೌದೆಂದು ತಲೆಯಾಡಿಸಿದಳು.

"ಮತ್ತೆ ಆ ಹನಿ?"

"ಕಣ್ಣು ಒಣಗ್ದೆ ಇರ್ಲಿ ಅಂತ ಅಷ್ಟೇ ದೊಡ್ಡಮ್ಮ."

ಅಮ್ಮ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಿಕ್ಕುತ್ತಿದ್ದ ತಂಗಿಯ ಬೆನ್ನು ಸವರಿದಳು. "ಅಳ್ಬೇಡ್ವೇ. ನಾಳೆ ಇದನ್ನೇ ಹೇಳು. ನನಗೇ ಅರ್ಥ ಆಯ್ತು ಅಂದ್ಮೇಲೆ ಎಲ್ಲರಿಗೂ ಆಗುತ್ತೆ."

ಮರುದಿನ ತಂಗಿ ಹೇಳಿದಳು. ಅಮ್ಮ ಬರಲಿಲ್ಲ. ಕೊನೆಯ ಸಾಲಿನಲ್ಲಿದ್ದ ನನಗೂ ಒಂದೊಂದು ಮಾತೂ ಕೇಳಿಸಿತು, ಜನ ಚಪ್ಪಾಳೆ ತಟ್ಟಿದರು, ಗೈಡ್ ಮೇಡಂ ಮುಖ ಅರಳಿತು. ಆಗ ಜನರ ನಡುವಿನಿಂದ ಹಿರಿಯರೊಬ್ಬರು ಎದ್ದು, "ಈಗಾಗ್ಲೇ ಕಾಯಿಲೆ ಬಂದವರಿಗೆ ನೀವು ಏನು ಮಾಡ್ತೀರಮ್ಮ?" ಎಂದು ಕೇಳಿದರು. ಇಂಥ ಪ್ರಶ್ನೆಗೆ ಸಂಶೋಧನೆ ಮುಂದುವರಿದಿದೆ ಎನ್ನಬೇಕೆಂದು ವಿದ್ಯಾರ್ಥಿಗಳಿಗೆಲ್ಲ ಪಾಠದಲ್ಲಿ ಕಲಿಸಿದ್ದರು. ತಂಗಿ ಅದನ್ನು ಹೇಳಲಿಲ್ಲ.

"ಬೆಳಿಗ್ಗೆ ಮನೇಲಿರೋ ಸೂಜಿಗಳಿಗೆಲ್ಲ ದಾರ ಪೋಣಿಸಿಟ್ಟು ಬಂದಿದೀನಿ," ಎಂದಳು.

ಅಲ್ಲಿದ್ದ ಯಾರಿಗೂ ಅರ್ಥವಾಗಲಿಲ್ಲ. ಮೇಡಂ ಗಡಿಯಾರ ನೋಡಿ ಮುಂದಿನ ವಿದ್ಯಾರ್ಥಿಯನ್ನು ಕರೆದರು.